ಊರ ಜಗಳಕ್ಕೆ ಊರ ದುಡ್ಡು



ಜಾತ್ರೆಯ ಸಭೆಯಲ್ಲಿ ಜಗಳದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ತೇರಿನ ಹಗ್ಗಕ್ಕೆ ಊರೆಲ್ಲ ಕೈ ಹಚ್ಚುವ ಕಾಲ ಇದು. ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಅದೇ ಹಗ್ಗ ಹಿಡಿದು ಮುಖ ತಿರುಗಿಸಿ ನಿಂತರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದ್ದರಿಂದ ಈ ಮಾತಿಗೆ ಇದೇ ತಕ್ಕ ಜಾಗ.

ಮಾಧವರಂ ಸೀಮೆಯ ವ್ಯಾಜ್ಯಗಳು ಬಹುಪಾಲು ಸಣ್ಣವು. ಬದು, ಕಾಲುವೆ ನೀರಿನ ಸರದಿ, ಪೈರು ಮೇದ ಎಮ್ಮೆ, ಕೈಸಾಲ. ಇಷ್ಟಕ್ಕೆ ಆದೋನಿಗೋ ಎಮ್ಮಿಗನೂರಿಗೋ ಕೋರ್ಟಿಗೆ ಅಲೆದವನಿಗೆ ಬಸ್ ಚಾರ್ಜು, ವಕೀಲರ ಫೀಜು, ಮೇಲೆ ಆ ದಿನದ ಕೂಲಿಯೂ ಹೋಗುತ್ತದೆ. ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ವಲಸೆ ಹೋದವರು ವಾಯಿದೆಗೆ ಬರುವುದಾದರೂ ಹೇಗೆ? 1953ರವರೆಗೆ ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಮನೆಮಾತು ಕನ್ನಡವಾಗಿ ಉಳಿದವರಿಗೆ ತೆಲುಗಿನ ಕಾಗದಪತ್ರ ಓದಿಸಿಕೊಳ್ಳುವುದೂ ಒಂದು ಖರ್ಚೇ.

ಹಿಂದಿನ ಕಟ್ಟೆ ಪಂಚಾಯಿತಿಯನ್ನು ಹಿರಿಯರು ಕೊಂಡಾಡುವುದುಂಟು. ಅದು ಪೂರ್ತಿ ಕೊಂಡಾಡುವಂಥದ್ದಲ್ಲ. ಪಂಚರನ್ನು ಕರೆಸಿದವನೇ ಊಟ, ಚಹಾದ ಖರ್ಚು ಹೊತ್ತರೆ, ಉಂಡವರ ನಾಲಿಗೆ ಉಣಿಸಿದವನ ಕಡೆ ವಾಲದೆ ಇದ್ದೀತೆ? ದಂಡ ವಸೂಲಾದರೂ ನಷ್ಟವಾದವನ ಕೈಗೆ ಅದು ಸೇರುವ ಖಾತ್ರಿ ಇರಲಿಲ್ಲ. ಹೆಂಗಸರು, ದಲಿತರು ಕಟ್ಟೆ ಏರಿ ಮಾತಾಡುವಂತಿರಲಿಲ್ಲ. ಅಂಥ ಕಟ್ಟೆ ಮತ್ತೆ ಬೇಡ.

ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯಲ್ಲಿ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳು ಸೋಮವಾರಗಳಂದು ಸದ್ಧರ್ಮ ನ್ಯಾಯಪೀಠ ನಡೆಸಿಕೊಂಡು ಬಂದಿದ್ದಾರೆ. ಎರಡೂ ಪಕ್ಷದವರನ್ನು ಎದುರು ಕೂಡಿಸಿ ಕೇಳುತ್ತಾರೆ. ಕಕ್ಷಿಗಾರರಿಂದ ಶುಲ್ಕವಿಲ್ಲ, ಖರ್ಚು ಮಠದ ಪಾಲು. ಜನ ನಂಬಿ ಬರುವುದಕ್ಕೆ ಗುರುಗಳ ಮೇಲಿನ ಭಕ್ತಿಯಂತೆ ಇದೂ ಒಂದು ಕಾರಣ.

ಕೆನಡಾದ ಎಲ್ಮೈರಾ ಎಂಬ ಸಣ್ಣ ಊರಲ್ಲಿ 1974ರಲ್ಲಿ ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿ 22 ಕಡೆ ಜನರ ಆಸ್ತಿ ಹಾಳುಮಾಡಿದರು. ಪ್ರೊಬೇಷನ್ ಅಧಿಕಾರಿ ಮಾರ್ಕ್ ಯಾಂಟ್ಜಿಯವರ ಸಲಹೆಯಂತೆ ನ್ಯಾಯಾಧೀಶರು ಅವರನ್ನು ನೊಂದವರ ಬಾಗಿಲಿಗೇ ಕಳಿಸಿದರು. ಹುಡುಗರು ತಪ್ಪೊಪ್ಪಿಕೊಂಡು, ನಷ್ಟದ ಲೆಕ್ಕ ಕೇಳಿ, ಕೆಲವೇ ತಿಂಗಳಲ್ಲಿ ಹಣ ತೀರಿಸಿದರು. ಜೈಲಿಗೆ ಹಾಕಿದ್ದರೆ ಒಡೆದ ಕಿಟಕಿಗೆ ಗಾಜು ಬರುತ್ತಿರಲಿಲ್ಲ.

ಈ ಊರಿಗೆ ಬೇಕಾದದ್ದು ಇಬ್ಬರು ಜಗಳಗಂಟರ ಪೈಕಿ ಯಾರಿಗೂ ಸೇರದ ಒಂದು ಸಣ್ಣ ಗಂಟು. ಸರ್ವೇಯರ್ ಅಳತೆಯ ಫೀಜು, ಸ್ಟಾಂಪು ಕಾಗದ, ಹೊರಗಿನಿಂದ ಬರುವ ಮಧ್ಯಸ್ಥರ ಬಸ್ ಚಾರ್ಜು, ಕೂಲಿ ಬಿಟ್ಟು ಬರುವ ಬಡವನಿಗೆ ಅಂದಿನ ಕೂಲಿ. ಚಹಾ ಕೂಡ ಅದರಿಂದಲೇ. ಮಧ್ಯಸ್ಥರಲ್ಲಿ ಒಬ್ಬ ಹೆಣ್ಣುಮಗಳು ಇರಲೇಬೇಕು. ಹುಂಡಿಯ ಹಣ ಇದಕ್ಕೆ ಮುಟ್ಟತಕ್ಕದ್ದಲ್ಲ. ಅದು ಆಂಧ್ರದ 1987ರ ದೇವಾದಾಯ ಕಾಯ್ದೆಗೆ ಒಳಪಟ್ಟ ದೇವರ ದುಡ್ಡು. ಬೇರೆ ರಸೀದಿ ಪುಸ್ತಕ, ಬೇರೆ ವಂತಿಗೆ, ಬೇರೆ ಲೆಕ್ಕ. ಕೊಟ್ಟವನು ಜಗಳಕ್ಕೆ ಬಂದರೂ ಅವನಿಗೆ ಒಂದು ಮಣೆ ಹೆಚ್ಚಿಲ್ಲ.

ಕಾನೂನಿನ ಆಸರೆಯೂ ಇದೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರದು, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಲೋಕ ಅದಾಲತ್ತಿನ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅಪೀಲಿಲ್ಲ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ನೆರೆಹೊರೆಯ ಶಾಂತಿ ಕೆಡಿಸುವ ವ್ಯಾಜ್ಯಗಳಿಗೆ ಮೂವರು ಮಧ್ಯಸ್ಥರೆಂದು ಬರೆದಿದೆ. ಆ ಒಪ್ಪಂದ ಮಾತ್ರ ಡಿಕ್ರಿಯಂತೆ ಜಾರಿಯಾಗದು. ಆದ್ದರಿಂದ ಕಟ್ಟೆಯ ಮೇಲೆ ಒಪ್ಪಿದ್ದನ್ನು ಲೋಕ ಅದಾಲತ್ತಿನಲ್ಲಿ ಬರೆಸಿಕೊಳ್ಳುವುದು ಜಾಣತನ.

ಹೆಣ್ಣಿನ ಮೇಲಿನ ದೌರ್ಜನ್ಯ, ಬಾಲ್ಯವಿವಾಹ, ಜಾತಿ ಹಿಡಿದು ಮಾಡಿದ ಅವಮಾನ, ಕೊಲೆ, ಭಾರಿ ಹಲ್ಲೆ, ಇವು ಯಾವ ಕಾರಣಕ್ಕೂ ಕಟ್ಟೆಗೆ ಬರಕೂಡದು. ಅವಕ್ಕೆ ಠಾಣೆ, ಕೋರ್ಟು ಇವೆ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಆಗುವ ಮದುವೆಗೆ ಪಂಚಾಯಿತಿ ಅಡ್ಡಬರುವುದು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿಬಿಟ್ಟಿದೆ.

ತೇರಿನ ಲೆಕ್ಕ ಓದುವ ದಿನ ಈ ಲೆಕ್ಕವನ್ನೂ ಧ್ವನಿವರ್ಧಕದಲ್ಲಿ ಓದಬೇಕು. ಯಾರ ಜಗಳವೆಂಬುದು ಬೇಡ. ಚಹಾಕ್ಕೆಷ್ಟು, ಸ್ಟಾಂಪಿಗೆಷ್ಟು, ಉಳಿದದ್ದೆಷ್ಟು, ಅಷ್ಟು ಸಾಕು.