ಗೌರಿಯಮ್ಮನ ಕಾಯಿದೆ, ನಮ್ಮ ಹೆಣ್ಣುಮಕ್ಕಳ ಓದು

(ಕಾಸರಗೋಡು ಜಿಲ್ಲೆಯ ಕನ್ನಡ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಅಧ್ಯಾಪಿಕೆಯೊಬ್ಬರು ಮಾಡಿದ ಭಾಷಣದ ಬರಹರೂಪ)



ಹಿಂದಿನ ಸಭೆ ಮುಗಿದು ಎಲ್ಲರೂ ಹೊರಟ ಮೇಲೆ ಒಬ್ಬರು ತಾಯಿ ಬಾಗಿಲ ಬಳಿ ನಿಂತಿದ್ದರು. ಅವರ ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. "ಟೀಚರೇ, ಇವಳನ್ನು ಇನ್ನೂ ಓದಿಸಬೇಕಾ? ಹುಡುಗಿ, ಅದರ ಮೇಲೆ ಕನ್ನಡ ಮಾಧ್ಯಮ. ಓದಿ ಮಂತ್ರಿ ಆಗಲಿಕ್ಕುಂಟಾ?" ಎಂದು ಕೇಳಿದರು. ನಗುತ್ತಲೇ ಕೇಳಿದರು, ಆದರೆ ಕಣ್ಣಿನಲ್ಲಿ ನಗು ಇರಲಿಲ್ಲ. ಆ ದಿನ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಇವತ್ತು ಆ ಪ್ರಶ್ನೆಯನ್ನೇ ಹಿಡಿದು ನಾಲ್ಕು ಮಾತು ಹೇಳುತ್ತೇನೆ.

ಮಂತ್ರಿಯಾದ ಒಬ್ಬ ಹೆಣ್ಣುಮಗಳ ಕಥೆಯಿಂದಲೇ ಆರಂಭಿಸೋಣ. ಕೆ. ಆರ್. ಗೌರಿಯಮ್ಮ. ಈ ಹೆಸರನ್ನು ನಿಮ್ಮಲ್ಲಿ ಹಿರಿಯರು ಕೇಳಿಯೇ ಇರುತ್ತೀರಿ. ಅವರು ಹುಟ್ಟಿದ್ದು 1919ರ ಜುಲೈ 14ರಂದು, ಆಲಪ್ಪುಳ ಕಡೆಯ ಚೇರ್ತಲ ತಾಲೂಕಿನ ಪಟ್ಟಣಕ್ಕಾಡ್ ಎಂಬ ಹಳ್ಳಿಯಲ್ಲಿ. ಈಳವ ಸಮುದಾಯದ ಮನೆ. ಆ ಸಮುದಾಯಕ್ಕೆ ಆಗ ದೇವಸ್ಥಾನದ ಬಾಗಿಲು ಮುಚ್ಚಿತ್ತು. ತಿರುವಾಂಕೂರಿನಲ್ಲಿ ದೇವಾಲಯ ಪ್ರವೇಶದ ಘೋಷಣೆ ಹೊರಟದ್ದು 1936ರಲ್ಲಿ. ಆಗ ಗೌರಿಯಮ್ಮನಿಗೆ 17 ವರ್ಷ. ದೇವಸ್ಥಾನದ ಬಾಗಿಲು ತೆರೆಯುವ ಮೊದಲೇ ಆ ಮನೆಯವರು ಮಗಳನ್ನು ಶಾಲೆಯ ಬಾಗಿಲು ದಾಟಿಸಿದ್ದರು. ಮುಂದೆ ಎರ್ನಾಕುಳಂನಲ್ಲಿ ಕಾಲೇಜು, ಅನಂತರ ಕಾನೂನು ಪದವಿ. ಕೇರಳದ ಈಳವ ಸಮುದಾಯದಲ್ಲಿ ಕಾನೂನು ಪದವಿ ಪಡೆದ ಮೊದಲ ಮಹಿಳೆ ಅವರು.

1948ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದರು. ಜೈಲು ಕಂಡರು. 1952ರಲ್ಲಿ ತಿರುವಾಂಕೂರು-ಕೊಚ್ಚಿ ವಿಧಾನಸಭೆಗೆ ಗೆದ್ದರು, 1954ರಲ್ಲಿ ಮತ್ತೆ ಗೆದ್ದರು. 1957ರ ಏಪ್ರಿಲ್ 5ರಂದು ಇ. ಎಂ. ಎಸ್. ನಂಬೂದಿರಿಪ್ಪಾಡರ ಮಂತ್ರಿಮಂಡಲ ಪ್ರಮಾಣವಚನ ತೆಗೆದುಕೊಂಡಾಗ 11 ಮಂದಿ ಮಂತ್ರಿಗಳಲ್ಲಿ ಹೆಂಗಸು ಇವರೊಬ್ಬರೇ. 37ರ ಪ್ರಾಯದಲ್ಲಿ ಕಂದಾಯ ಖಾತೆ ಅವರ ಕೈಗೆ ಬಂತು. ಒಂದು ವಾರದೊಳಗೆ ಒಂದು ಆಜ್ಞೆ ಹೊರಟಿತು: ಗೇಣಿ ಒಕ್ಕಲುಗಳನ್ನು ಯಾರೂ ಭೂಮಿಯಿಂದ ಎಬ್ಬಿಸುವ ಹಾಗಿಲ್ಲ.

ಈ ಆಜ್ಞೆ ನಮಗೂ ಸಂಬಂಧಪಟ್ಟದ್ದು. 1956ರ ನವೆಂಬರ್ 1ರಂದು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಕನ್ನಡಿಗರಿಗೆ ಅದರ ದುಃಖ ಇನ್ನೂ ಹಸಿಯಾಗಿದ್ದ ಹೊತ್ತು. ಆರು ತಿಂಗಳು ತುಂಬುವ ಮೊದಲೇ ಅದೇ ಹೊಸ ರಾಜ್ಯದ ಒಬ್ಬ ಮಂತ್ರಿಯ ಆಜ್ಞೆ ನಮ್ಮ ಒಕ್ಕಲುಗಳ ಅಂಗಳಕ್ಕೂ ಬಂದು ಮುಟ್ಟಿತು. ಆ ಸರಕಾರ 1959ರ ಜುಲೈ 31ರಂದು ವಜಾ ಆಯಿತು. 1967ರಲ್ಲಿ ಗೌರಿಯಮ್ಮ ಮತ್ತೆ ಕಂದಾಯ ಮಂತ್ರಿಯಾದರು. 1969ರಲ್ಲಿ ಭೂಸುಧಾರಣಾ ಕಾಯಿದೆಯ ದೊಡ್ಡ ತಿದ್ದುಪಡಿ ವಿಧಾನಸಭೆಯಲ್ಲಿ ಪಾಸಾಯಿತು. ಅದು ಜಾರಿಗೆ ಬಂದ 1970ರ ಜನವರಿ 1ಕ್ಕೆ ಸರಕಾರ ಬದಲಾಗಿತ್ತು, ಅಚ್ಯುತ ಮೇನೋನ್ ಮುಖ್ಯಮಂತ್ರಿ ಆಗಿದ್ದರು. ಆದರೂ ನನ್ನ ಅಜ್ಜ ಕೊನೆಯವರೆಗೆ ಅದನ್ನು 'ಗೌರಿಯಮ್ಮನ ಕಾಯಿದೆ' ಎಂದೇ ಕರೆಯುತ್ತಿದ್ದರು.

ಈ ಸಭೆಯಲ್ಲಿ ಆ ಕಾಯಿದೆಯಿಂದ ಭೂಮಿ ಪಡೆದ ಮನೆಯವರೂ ಇದ್ದೀರಿ, ಭೂಮಿ ಕಳೆದುಕೊಂಡ ಮನೆಯವರೂ ಇದ್ದೀರಿ. ಯಾರನ್ನೂ ನೋಯಿಸಲು ನಾನು ಇದನ್ನು ಹೇಳುತ್ತಿಲ್ಲ. ನನ್ನ ಅಜ್ಜ ಗೇಣಿ ಒಕ್ಕಲು. ವರ್ಷ ವರ್ಷ ಮುಡಿ ಅಕ್ಕಿ ಹೊತ್ತು ಧನಿಗಳ ಮನೆಗೆ ಹಾಕಿ ಬರುತ್ತಿದ್ದವರು. ಕಾಯಿದೆ ಬಂದಿತೆಂದು ಭೂಮಿ ತಾನಾಗಿ ಮನೆಗೆ ಬರಲಿಲ್ಲ. ಅರ್ಜಿ ಹಾಕಬೇಕಿತ್ತು, ಸರದಿಯಲ್ಲಿ ನಿಲ್ಲಬೇಕಿತ್ತು. ಅಜ್ಜ ಅದೆಲ್ಲ ಮಾಡಿದರು. ಕೊನೆಗೊಂದು ದಿನ ಕಾಗದ ಕೈಗೆ ಸಿಕ್ಕಿತು. ಕಾಗದ ಮಲಯಾಳಂನಲ್ಲಿತ್ತು. ಅಜ್ಜ ಓದಿದ್ದು ಕನ್ನಡ ನಾಲ್ಕನೇ ಕ್ಲಾಸು. ಪೇಟೆಗೆ ಹೋಗಿ ಒಬ್ಬರಿಂದ ಓದಿಸಿ, ಅವರಿಗೆ ಚಾ ಕುಡಿಸಿ, "ಎಲ್ಲ ಸರಿ ಉಂಟು" ಎಂಬ ಮಾತು ಕೇಳಿ ಮನೆಗೆ ಬಂದು ಕಾಗದವನ್ನು ಪೆಟ್ಟಿಗೆಯಲ್ಲಿಟ್ಟರು.

ಎಲ್ಲ ಸರಿ ಇರಲಿಲ್ಲ. ಬಾವಿ ಇದ್ದ ಮೂರು ಸೆಂಟ್ಸ್ ಜಾಗ ಆ ಕಾಗದದಲ್ಲಿ ಬಿಟ್ಟುಹೋಗಿತ್ತು. ವರ್ಷಗಳ ನಂತರ ಅದನ್ನು ಕಂಡುಹಿಡಿದವರು ನನ್ನ ಚಿಕ್ಕಮ್ಮ. ಮನೆಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದ ಮೊದಲನೆಯ ಹೆಣ್ಣು. ಕನ್ನಡ ಶಾಲೆಯಲ್ಲೇ ಓದಿದವರು, ಮಲಯಾಳಂ ಅಕ್ಷರವನ್ನೂ ಕಲಿತಿದ್ದರು. ಒಂದು ಮಳೆಗಾಲ ಪೆಟ್ಟಿಗೆ ತೆಗೆದು ಕಾಗದ ಒಣಗಿಸುವಾಗ ಸಾಲು ಸಾಲಾಗಿ ಓದಿ, "ಅಪ್ಪ, ಇದರಲ್ಲಿ ಬಾವಿ ಇಲ್ಲ" ಎಂದರಂತೆ. ಅರ್ಜಿ ಬರೆದವರೂ ಅವರೇ, ಕಚೇರಿಗೆ ನಡೆದವರೂ ಅವರೇ. ಸರಿಯಾಗಲು ಒಂಬತ್ತು ವರ್ಷ ಹಿಡಿಯಿತು. ಇವತ್ತಿಗೂ ನಮ್ಮ ಮನೆಯವರು ಆ ಬಾವಿಯ ನೀರನ್ನೇ ಕುಡಿಯುತ್ತೇವೆ.

ಹೆತ್ತವರೇ, ಆ ಕಾಯಿದೆ ನಮ್ಮ ಮನೆಗೆ ಪೂರ್ತಿಯಾಗಿ ಬಂದು ಮುಟ್ಟಲು ಇಬ್ಬರು ಹೆಂಗಸರು ಬೇಕಾಯಿತು. ಒಬ್ಬರು ವಿಧಾನಸಭೆಯಲ್ಲಿ ನಿಂತು ಕಾಯಿದೆ ಮಾಡಿಸಿದವರು. ಇನ್ನೊಬ್ಬರು ಜಗಲಿಯಲ್ಲಿ ಕುಳಿತು ಅದನ್ನು ಓದಿದವರು.

ಗೌರಿಯಮ್ಮನ ಮುಂದಿನ ದಾರಿ ಹೂವಿನ ಹಾಸಿಗೆ ಆಗಿರಲಿಲ್ಲ. 1957ರಲ್ಲಿ ಅದೇ ಮಂತ್ರಿಮಂಡಲದ ಟಿ. ವಿ. ಥಾಮಸರನ್ನು ಮದುವೆಯಾಗಿದ್ದರು. 1964ರಲ್ಲಿ ಪಕ್ಷ ಎರಡಾದಾಗ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ. ದಾಂಪತ್ಯವೂ ಉಳಿಯಲಿಲ್ಲ. 1980ರಲ್ಲಿ ಕೃಷಿ ಮಂತ್ರಿಯಾದರು. 1987ರ ಚುನಾವಣೆಯಲ್ಲಿ ಗೌರಿಯಮ್ಮನೇ ಮುಖ್ಯಮಂತ್ರಿ ಎಂಬ ಮಾತು ಊರೂರಲ್ಲಿ ಇತ್ತು. ಗೆದ್ದ ಮೇಲೆ ಆ ಕುರ್ಚಿ ಇ. ಕೆ. ನಾಯನಾರರಿಗೆ ಹೋಯಿತು, ಇವರಿಗೆ ಕೈಗಾರಿಕೆ ಖಾತೆ ಸಿಕ್ಕಿತು. 1994ರ ಜನವರಿಯಲ್ಲಿ ಪಕ್ಷ ಅವರನ್ನು ಹೊರಗೆ ಹಾಕಿತು. ಆಗ ಅವರಿಗೆ 74 ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಮೊಮ್ಮಕ್ಕಳನ್ನು ಆಡಿಸುತ್ತಾ ಕೂರುತ್ತಾರೆ. ಅವರು ಅದೇ ವರ್ಷ ಹೊಸ ಪಕ್ಷ ಕಟ್ಟಿದರು, 1996ರಲ್ಲಿ ಅರೂರು ಕ್ಷೇತ್ರದಿಂದ ಮತ್ತೆ ಗೆದ್ದರು. 2001ರಲ್ಲಿ, 81ನೆಯ ವಯಸ್ಸಿನಲ್ಲಿ, ಎ. ಕೆ. ಆಂಟನಿಯವರ ಮಂತ್ರಿಮಂಡಲದಲ್ಲಿ ಪುನಃ ಕೃಷಿ ಮಂತ್ರಿ. 2006ರಲ್ಲಿ ಸೋತರು. 2021ರ ಮೇ 11ರಂದು, 101ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಪಕ್ಷ ನಮಗೆ ಇಲ್ಲಿ ಮುಖ್ಯವಲ್ಲ. ಅವರ ಕಾಯಿದೆಯಲ್ಲೂ ಕೊರತೆ ಇತ್ತು. ದಲಿತರಿಗೆ, ಆದಿವಾಸಿಗಳಿಗೆ ಸಾಗುವಳಿಯ ಭೂಮಿ ಸಿಕ್ಕಿದ್ದು ಕಡಿಮೆ ಎಂಬ ದೂರು ನ್ಯಾಯವಾದದ್ದೇ. ಆದರೆ ಒಂದು ಮಾತು ಸತ್ಯ. ಗಂಡ, ಪಕ್ಷ, ಕುರ್ಚಿ ಒಂದೊಂದಾಗಿ ದೂರವಾದಾಗಲೂ ಅವರ ಓದು ಅವರ ಜೊತೆಗಿತ್ತು. ಅದನ್ನು ಯಾರೂ ಹೊರಗೆ ಹಾಕಲು ಆಗಲಿಲ್ಲ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ನಮ್ಮ ಮಕ್ಕಳಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ. ಇದನ್ನು ಹೊರೆ ಎಂದು ತಿಳಿಯಬೇಡಿ. ಕನ್ನಡದಲ್ಲಿ ಅರ್ಥ ಮಾಡಿಕೊಂಡು ಕಲಿತ ಮಗು ಇನ್ನೊಂದು ಭಾಷೆಯನ್ನು ಬೇಗ ಹಿಡಿಯುತ್ತದೆ. ಇದು ನಾನು ತರಗತಿಯಲ್ಲಿ ದಿನವೂ ಕಾಣುವುದು. ಮಲಯಾಳಂ ನಮ್ಮ ಶತ್ರುವಲ್ಲ. ಅದನ್ನು ಓದಲು ಬಾರದಿರುವುದು ನಮಗೆ ನಷ್ಟ. ಅದಕ್ಕಾಗಿ ಕನ್ನಡವನ್ನು ಬಿಡುವುದು ಇನ್ನೂ ದೊಡ್ಡ ನಷ್ಟ.

ಹಕ್ಕುಗಳು ನಮಗೆ ಇವೆ. ಸಂವಿಧಾನದ 350ನೆಯ ವಿಧಿಯ ಪ್ರಕಾರ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ನಮ್ಮ ಕುಂದುಕೊರತೆಯ ಅರ್ಜಿ ಕೊಡಬಹುದು. 1956ರಲ್ಲಿ ಸೇರಿಸಿದ 350-ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಬೇಕೆಂದು ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೂ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ಮಾಡಬಹುದೆಂದು ಬರೆದಿಟ್ಟಿತು. ನೋಡಿ, ಭೂಮಿಯ ಕಾಯಿದೆಯೂ 1969, ಭಾಷೆಯ ಕಾಯಿದೆಯೂ 1969. ಭೂಮಿಗೆ ನಮ್ಮ ಅಜ್ಜಂದಿರು ಸರದಿಯಲ್ಲಿ ನಿಂತರು. ಭಾಷೆಗೆ ನಾವೆಷ್ಟು ಮಂದಿ ಕನ್ನಡದಲ್ಲಿ ಒಂದು ಅರ್ಜಿ ಬರೆದಿದ್ದೇವೆ? ಕಾಯಿದೆಗಳು ಕಾಲಕಾಲಕ್ಕೆ ಬದಲಾಗುತ್ತವೆ. ಬದಲಾದಾಗೆಲ್ಲ ನಮ್ಮ ಪಾಲಿನ ಬಾವಿ ಕಾಗದದಲ್ಲಿ ಉಳಿದಿದೆಯೇ ಎಂದು ಓದಿ ನೋಡುವವರು ನಮ್ಮ ಮನೆಯಲ್ಲೇ ಇರಬೇಕು. ಈ ಮಾತು ತಾಳವಾಡಿಯ ಹೆತ್ತವರಿಗೂ, ಅಕ್ಕಲಕೋಟೆ, ಮಡಕಶಿರಾದ ಹೆತ್ತವರಿಗೂ ಸಲ್ಲುತ್ತದೆ. ಅಲ್ಲಿ ಮಲಯಾಳಂ ಇದ್ದ ಜಾಗದಲ್ಲಿ ತಮಿಳು, ಮರಾಠಿ, ತೆಲುಗು ಇದೆ, ಅಷ್ಟೇ ವ್ಯತ್ಯಾಸ.

ಆ ತಾಯಿ ಇವತ್ತೂ ಬಂದಿದ್ದಾರೆ. ಅಮ್ಮಾ, ನಿಮ್ಮ ಮಗಳು ಮಂತ್ರಿ ಆಗುತ್ತಾಳೆಂದು ನಾನು ಮಾತು ಕೊಡಲಾರೆ. ವಕೀಲೆ ಆಗಬಹುದು, ವಿಲ್ಲೇಜ್ ಆಫೀಸಿನಲ್ಲಿ ಕನ್ನಡದ ಅರ್ಜಿ ಓದುವ ಗುಮಾಸ್ತೆ ಆಗಬಹುದು, ನನ್ನ ಹಾಗೆ ಟೀಚರ್ ಆಗಬಹುದು. ಏನೂ ಆಗದಿದ್ದರೂ ನಿಮ್ಮ ಪೆಟ್ಟಿಗೆಯಲ್ಲಿರುವ ಕಾಗದವನ್ನು ಓದಿ ಹೇಳುವವಳಂತೂ ಆಗುತ್ತಾಳೆ. ಪ್ಲಸ್ ವನ್ ಅರ್ಜಿ ತುಂಬಿಸುವ ದಿನ ಅವಳನ್ನು ಕರೆದುಕೊಂಡು ಬನ್ನಿ. ಬೆಳಗ್ಗಿನಿಂದ ಸಂಜೆಯವರೆಗೆ ನಾನು ಶಾಲೆಯಲ್ಲೇ ಇರುತ್ತೇನೆ.