ಯಕೃತ್ತಿನ ಎಚ್ಚರಿಕೆ



ಪೀಣ್ಯದ ಕಾರ್ಖಾನೆಗಳಲ್ಲಿಯೂ ವೈಟ್‌ಫೀಲ್ಡಿನ ಗಣಕಯಂತ್ರದ ಕಚೇರಿಗಳಲ್ಲಿಯೂ ದುಡಿಯುವ ನಮ್ಮವರ ರಕ್ತದಲ್ಲಿ ಎಸ್.ಜಿ.ಪಿ.ಟಿ. ಎಂಬ ಕಿಣ್ವ ಏರಿದೆಯೆಂದು ತಿಳಿದರೆ, ಮನೆಯವರು ಮೊದಲು ಕೇಳುವುದು 'ಕುಡಿಯುತ್ತೀಯಾ?' ಎಂದೇ. ಈ ಅನುಮಾನಕ್ಕೆ ಅಂಜಿ ವರದಿಯನ್ನು ಬೀರುವಿನಲ್ಲಿ ಬಚ್ಚಿಟ್ಟವರನ್ನು ನಾವು ಬಲ್ಲೆವು. ಮದ್ಯವನ್ನು ಮುಟ್ಟದವರಲ್ಲಿಯೂ ಯಕೃತ್ತಿನಲ್ಲಿ ಕೊಬ್ಬು ಸೇರಿ, ಜೀವಕೋಶಗಳು ನೊಂದು, ಈ ಕಿಣ್ವವು ರಕ್ತಕ್ಕೆ ಸೋರುವುದುಂಟು. 2025ರಲ್ಲಿ ಪ್ರಕಟವಾದ ಹೈದರಾಬಾದಿನ ಅಧ್ಯಯನವೊಂದರಲ್ಲಿ, ಮಾಹಿತಿ ತಂತ್ರಜ್ಞಾನದ 345 ನೌಕರರ ಪೈಕಿ ನೂರಕ್ಕೆ 84 ಮಂದಿಯ ಯಕೃತ್ತಿನಲ್ಲಿ ಕೊಬ್ಬು ಹೆಚ್ಚಾಗಿತ್ತು. ನಮ್ಮವರ ಬದುಕೂ ಅದೇ ಬಗೆಯದಲ್ಲವೇ? ದಿನವಿಡೀ ಕುರ್ಚಿ, ಹೊತ್ತಲ್ಲದ ಹೊತ್ತಿನಲ್ಲಿ ಊಟ, ರಾತ್ರಿ ಪಾಳಿಯ ನಿದ್ದೆಗೇಡು.

ಕಿಣ್ವವೊಂದನ್ನೇ ನಂಬುವಂತೆಯೂ ಇಲ್ಲ; ಕೊಬ್ಬಿದ್ದರೂ ಅದು ಸರಿಯಾಗಿಯೇ ಕಾಣಬಹುದು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಮುಟ್ಟುವುದು (ದರ್ಜಿಯ ಟೇಪೇ ಸಾಕು), ರಕ್ತದೊತ್ತಡ 130/85, ಬರಿಹೊಟ್ಟೆಯ ಸಕ್ಕರೆ 100, ಟ್ರೈಗ್ಲಿಸರೈಡು 150 ಮುಟ್ಟುವುದು, ಒಳ್ಳೆಯ ಕೊಲೆಸ್ಟರಾಲು ತಗ್ಗುವುದು: ಈ ಐದರಲ್ಲಿ ಮೂರು ಕೂಡಿದರೆ ಅದೇ ಮೆಟಬಾಲಿಕ್ ಸಿಂಡ್ರೋಮು, ಸಕ್ಕರೆಕಾಯಿಲೆಗೂ ಹೃದ್ರೋಗಕ್ಕೂ ಅದು ದಾರಿ.

ತೂಕ ಹೆಚ್ಚಿದವರು, 80 ಕಿಲೋ ಇರುವವರೆನ್ನೋಣ, ನಿಧಾನವಾಗಿ ಆರೆಂಟು ಕಿಲೋ ಇಳಿಸಿದರೆ ಯಕೃತ್ತು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಬೀರುವಿನಲ್ಲಿರುವ ಆ ವರದಿಯನ್ನು ಈ ವಾರವೇ ವೈದ್ಯರಿಗೆ ತೋರಿಸಿರೆಂದು ನಾವು ಬೇಡುತ್ತೇವೆ.