ಕೋವಿ ಮನೆಯಲ್ಲಿದ್ದರೆ ಕಾನೂನು ತಲೆಯಲ್ಲಿರಲಿ

(ಸಂಘದ ರಜತ ಮಹೋತ್ಸವದ ಅಂಗವಾಗಿ ಸೇರಿದ್ದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಸಂತೋಷದ ದಿನ ಸಾಲ, ಗೊಬ್ಬರ, ಬಿತ್ತನೆ ಬೀಜದ ಮಾತು ಬಿಟ್ಟು ಇವರು ಕೋವಿಯ ಮಾತು ಎತ್ತಿದರಲ್ಲ ಎಂದು ತಾವು ಅಂದುಕೊಳ್ಳಬಹುದು. ಕಾರಣ ಇದೆ. ಸಾಲ ಕೊಡುವುದು ಬೆಳೆ ಬರಲಿ ಅಂತ. ಬೆಳೆ ಕಾಯುವುದಕ್ಕೆ ಹೋದವನು ಜೈಲು ಸೇರಿದರೆ ಬೆಳೆಯೂ ಇಲ್ಲ, ಸಾಲವೂ ತೀರುವುದಿಲ್ಲ, ಮನೆಯೂ ಉಳಿಯುವುದಿಲ್ಲ. ಆದ್ದರಿಂದ ಇದು ಸೊಸೈಟಿಯ ಮಾತೇ.

ನಾವು ವಕೀಲರಲ್ಲ. ಎಸ್.ಎಸ್.ಎಲ್.ಸಿ. ಓದಿ ಹೊಲಕ್ಕಿಳಿದವರು. ಆದರೆ ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದ ಒಂಟಿ ನಳಿಗೆ ಕೋವಿ ಇದೆ. ಅದು ನಮಗೆ ಕಲಿಸಿದ ಪಾಠವನ್ನು ಮೊದಲು ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ಜೋಳ ಹಾಲುಗಾಳಿಗೆ ಬಂದಿತ್ತು. ಮೂರು ರಾತ್ರಿ ಸತತವಾಗಿ ಹಂದಿ ನುಗ್ಗಿ ಅರ್ಧ ಎಕರೆ ಮಲಗಿಸಿದ್ದವು. ನಾಲ್ಕನೇ ರಾತ್ರಿ ನಾವು ಕೋವಿ ಹಿಡಿದು ಬದುವಿನ ಮೇಲೆ ಕೂತೆವು. ಹೊಟ್ಟೆಯಲ್ಲಿ ಸಿಟ್ಟು, ಕಣ್ಣಲ್ಲಿ ನಿದ್ದೆ. ನಡುರಾತ್ರಿ ಕಳೆದ ಮೇಲೆ ಜೋಳದ ಒಳಗೆ ಸರಸರ ಸದ್ದಾಯಿತು. ಸದ್ದು ಬಂದ ಕಡೆಗೆ ಗುರಿಯಿಟ್ಟು ಕುದುರೆ ಎಳೆಯುವುದೊಂದೇ ಬಾಕಿ. ಅಷ್ಟರಲ್ಲಿ ಅಲ್ಲಿ ಒಂದು ಬೀಡಿ ಕಿಡಿ ಮಿಣುಕಿತು. ಹಂದಿ ಬೀಡಿ ಸೇದುತ್ತದೆಯೇ ಸ್ವಾಮಿ? ನಮ್ಮ ಪಕ್ಕದ ಹೊಲದವರ ಮಗ. ಕರೆಂಟು ಬಂತು ಅಂತ ಮೋಟಾರ್ ಹಾಕಲು ಅಡ್ಡದಾರಿಯಲ್ಲಿ ಹೊರಟಿದ್ದ. "ಯಾಕಣ್ಣೋ, ಇನ್ನೂ ಮನಗಿಲ್ವಾ?" ಎಂದು ಕೇಳಿಕೊಂಡು ಹೋದ. ಅವನಿಗೆ ಇವತ್ತಿಗೂ ಗೊತ್ತಿಲ್ಲ. ನಮಗೆ ಮಾತ್ರ ಬೆಳಗಿನವರೆಗೆ ಕೈ ನಡುಕ ನಿಲ್ಲಲಿಲ್ಲ. ಆ ಬೀಡಿ ಇಲ್ಲದಿದ್ದರೆ ನಾವು ಈ ವೇದಿಕೆ ಮೇಲೆ ಇರುತ್ತಿರಲಿಲ್ಲ, ಅವನು ಆ ಸಾಲಿನಲ್ಲಿ ಕೂತಿರುತ್ತಿರಲಿಲ್ಲ.

ಅಂದಿನಿಂದ ಗೊತ್ತಿರುವ ವಕೀಲರನ್ನು ಕೇಳಿ, ಪುಸ್ತಕ ತರಿಸಿ, ಓದಿ ತಿಳಿದದ್ದನ್ನು ತಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲನೆಯದು, ಲೈಸೆನ್ಸ್. 1959ರ ಆಯುಧ ಕಾಯಿದೆ ಪ್ರಕಾರ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದೇ ಅಪರಾಧ. 2019ರ ತಿದ್ದುಪಡಿ ಆದ ಮೇಲೆ ಇದಕ್ಕೆ ಕನಿಷ್ಠ 2 ವರ್ಷ, ಹೆಚ್ಚೆಂದರೆ 5 ವರ್ಷ ಜೈಲು, ಮೇಲೆ ದಂಡ. "ನಮ್ಮಜ್ಜನ ಕಾಲದ್ದು, ಅಟ್ಟದ ಮೇಲೆ ಬಿದ್ದದೆ ಬುಡಿ" ಎಂದರೆ ಕಾನೂನು ಬಿಡುವುದಿಲ್ಲ. ಲೈಸೆನ್ಸುದಾರರು ತೀರಿಕೊಂಡರೆ ಮನೆಯವರು ಕೋವಿಯನ್ನು ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಿ ರಸೀದಿ ಪಡೆದು, ಬೇಕಾದರೆ ತಮ್ಮ ಹೆಸರಿಗೆ ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಬೇಕು. ಲೈಸೆನ್ಸ್ ಈಗ 5 ವರ್ಷಕ್ಕೆ ಇರುತ್ತದೆ. ನವೀಕರಣದ ದಿನ ಮರೆತರೆ ಲೈಸೆನ್ಸ್ ಇದ್ದವನೂ ಇಲ್ಲದವನ ಸಾಲಿಗೆ ಸೇರುತ್ತಾನೆ.

ಲೈಸೆನ್ಸ್ ಪುಸ್ತಕದಲ್ಲಿ ಕೋವಿ ಯಾವ ಉದ್ದೇಶಕ್ಕೆ, ಯಾವ ಪ್ರದೇಶದಲ್ಲಿ ಎಂದು ಬರೆದಿರುತ್ತದೆ. ದಯವಿಟ್ಟು ಇವತ್ತು ಮನೆಗೆ ಹೋಗಿ ಅದನ್ನು ಓದಿ. ಬೆಳೆ ರಕ್ಷಣೆಗೆ ಕೊಟ್ಟ ಕೋವಿಯನ್ನು ಹೆಗಲಿಗೇರಿಸಿಕೊಂಡು ಜಾತ್ರೆಗೆ, ತೇರಿಗೆ, ಸಭೆಗೆ ಹೋಗುವಂತಿಲ್ಲ. ಮದುವೆ ದಿಬ್ಬಣದಲ್ಲಿ ಖುಷಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೋವಿ ಕಳುವಾದರೆ ಕೂಡಲೇ ಠಾಣೆಗೆ ತಿಳಿಸಬೇಕು. ಚುನಾವಣೆ ಬಂದಾಗ ಠೇವಣಿ ಇಡಿ ಎಂದು ಆದೇಶ ಬಂದರೆ ಇಟ್ಟು ರಸೀದಿ ಪಡೆಯಿರಿ. ಬೆಳೆ ಕಾಯುವ ಕಾಲಕ್ಕೇ ಕೋವಿ ಠಾಣೆಯಲ್ಲಿರುತ್ತದೆ ಎಂಬ ನಮ್ಮ ಸಂಕಟ ನಿಜ. ಅದನ್ನು ಅರ್ಜಿ ಬರೆದು ಹೇಳೋಣ, ಅಡಗಿಸಿಟ್ಟು ಅಲ್ಲ.

ಪಿರಿಯಾಪಟ್ಟಣದ ಕಡೆಯ ನಮ್ಮ ಬಂಧುಗಳು ಒಂದು ಮಾತು ಕೇಳುತ್ತಾರೆ. ಕೊಪ್ಪ ದಾಟಿ ಕಾವೇರಿ ಸೇತುವೆ ಆಚೆ ಹೋದರೆ ಕುಶಾಲನಗರ, ಅಲ್ಲಿ ಕೊಡವರಿಗೆ ಲೈಸೆನ್ಸೇ ಬೇಡ, ನಮಗೆ ಮಾತ್ರ ಯಾಕೆ ಎಂದು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇರುವುದು ನಿಜ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. 2021ರಲ್ಲಿ ನಮ್ಮ ಹೈಕೋರ್ಟ್ ಕೂಡ ಎತ್ತಿ ಹಿಡಿದಿದೆ. ಆದರೆ ಆ ವಿನಾಯಿತಿ ಲೈಸೆನ್ಸಿಗೆ ಮಾತ್ರ. ಯಾರ ಮೇಲೆ ಗುಂಡು ಹಾರಿಸಬಹುದು ಎಂಬ ಕಾನೂನು ಸೇತುವೆಯ ಆಚೆಗೂ ಈಚೆಗೂ ಒಂದೇ.

ಎರಡನೆಯದು, ಮನುಷ್ಯನ ಮೇಲೆ ಕೋವಿ. ಆತ್ಮರಕ್ಷಣೆಯ ಹಕ್ಕು 1860ರ ದಂಡ ಸಂಹಿತೆಯಲ್ಲಿ 96ರಿಂದ 106ನೇ ಕಲಮುಗಳಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 34ರಿಂದ 44. ನಂಬರ್ ಬದಲಾಗಿದೆ, ತಿರುಳು ಹೆಚ್ಚುಕಡಿಮೆ ಹಳೆಯದೇ. ನಮ್ಮ ಜೀವ, ಬೇರೆಯವರ ಜೀವ, ನಮ್ಮ ಆಸ್ತಿ ಕಾಪಾಡಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಆ ಹಕ್ಕಿಗೆ ಬೇಲಿ ಇದೆ.

37ನೇ ಕಲಮು ಹೇಳುವುದು ಇಷ್ಟು: ಪೊಲೀಸರ ನೆರವು ಪಡೆಯಲು ಸಮಯ ಇದ್ದಾಗ ಈ ಹಕ್ಕು ಇಲ್ಲ, ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಕೋವಿ ಅಂದರೆ ಸಾವು. ಆದ್ದರಿಂದ ಎದುರಿನವನಿಂದ ಪ್ರಾಣಕ್ಕೆ ಅಥವಾ ಭಾರೀ ಗಾಯಕ್ಕೆ ನಿಜವಾದ ಭಯ ಇರಬೇಕು. ಹೆಣ್ಣುಮಕ್ಕಳ ಮೇಲೆ ಅತ್ಯಾಚಾರಕ್ಕೆ, ಆ್ಯಸಿಡ್ ದಾಳಿಗೆ, ಅಪಹರಣಕ್ಕೆ ಬಂದವನಾದರೂ ಕಾನೂನು ಆ ಹಕ್ಕು ಕೊಡುತ್ತದೆ. ಆಸ್ತಿಯ ವಿಷಯದಲ್ಲಿ ದರೋಡೆ, ರಾತ್ರಿ ಮನೆ ಮುರಿದು ನುಗ್ಗುವುದು, ವಾಸದ ಮನೆಗೆ ಬೆಂಕಿ ಹಚ್ಚುವುದು, ಇವುಗಳಲ್ಲಿ ಹಕ್ಕು ಪ್ರಾಣಹಾನಿಯವರೆಗೂ ಹೋಗಬಹುದು. ಆಗಲೂ 37ನೇ ಕಲಮಿನ ಬೇಲಿ ಇದ್ದೇ ಇರುತ್ತದೆ.

ಬರೀ ಕಳ್ಳತನಕ್ಕೆ ಈ ಹಕ್ಕು ಇಲ್ಲ. ಹುಣಸೂರು ಸೀಮೆಯಲ್ಲಿ ಬ್ಯಾರನ್ನಿನಿಂದ ಹೊಗೆಸೊಪ್ಪು ಹೊತ್ತವನು, ಕೃಷ್ಣರಾಜನಗರದ ಕಡೆ ಪಂಪ್‌ಸೆಟ್ಟಿನ ವೈರು ಕತ್ತರಿಸಿದವನು, ತೋಟದಲ್ಲಿ ಎಳನೀರು ಕೆಡವಿದವನು, ಇವರೆಲ್ಲ ಕಳ್ಳರೇ. ಹಿಡಿಯಿರಿ, ಕೂಗಿ ಜನ ಸೇರಿಸಿ, ಠಾಣೆಗೆ ಒಪ್ಪಿಸಿ. ಗುಂಡು ಹಾರಿಸಿದರೆ ಕಳ್ಳನ ಹೆಂಡತಿ ಮಕ್ಕಳು ದೂರುದಾರರಾಗುತ್ತಾರೆ, ನಾವು ಆರೋಪಿಗಳಾಗುತ್ತೇವೆ.

ಸುಪ್ರೀಂ ಕೋರ್ಟಿನ ಎರಡು ತೀರ್ಪು ನೆನಪಿಡಿ. ಎರಡೂ ನಮ್ಮಂಥ ರೈತರ ಜಮೀನು ಜಗಳ. 1962ರ ಜೈದೇವ್ ಪ್ರಕರಣದಲ್ಲಿ ಎದುರಿನವರು ಹೊಲ ಬಿಟ್ಟು ಓಡುತ್ತಿದ್ದಾಗಲೂ ಗುಂಡು ಹಾರಿಸಿದ್ದರು. ಅಪಾಯ ಮುಗಿದ ಮೇಲೆ ಹಕ್ಕೂ ಮುಗಿಯಿತು ಎಂದು ಕೋರ್ಟು ಹೇಳಿತು. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ತಂದೆಯ ಮೇಲೆ ಹರಿತವಾದ ಆಯುಧ ಬೀಸಿದವನ ಮೇಲೆ ಮಗ ಗುಂಡು ಹಾರಿಸಿದ್ದ. ಆ ಕ್ಷಣದಲ್ಲಿ ಪ್ರಾಣಭಯ ಇತ್ತು, ಅಂಥ ಹೊತ್ತಿನಲ್ಲಿ ಚಿನ್ನದ ತಕ್ಕಡಿಯಲ್ಲಿ ತೂಗಿದಂತೆ ಅಳೆದು ಹೊಡೆಯಲಾಗದು ಎಂದು ಒಪ್ಪಿ ಬಿಡುಗಡೆ ಮಾಡಿತು. ಮುಖ ಮಾಡಿ ಬಂದವನಿಗೂ ಬೆನ್ನು ತೋರಿಸಿ ಓಡುವವನಿಗೂ ಇರುವ ವ್ಯತ್ಯಾಸವೇ ಕಾನೂನಿನ ಗೆರೆ. ಆ ಗೆರೆ ಒಳ್ಳೆಯ ಮನಸ್ಸಿನಿಂದಲೇ ದಾಟಿದರೆ ಕೊಲೆ ಎಂಬ ಹೆಸರು ತಪ್ಪಬಹುದು, ಜೈಲು ತಪ್ಪುವುದಿಲ್ಲ.

ಮೂರನೆಯದು, ಕಾಡುಪ್ರಾಣಿ. ಹೆಗ್ಗಡದೇವನಕೋಟೆ, ಸರಗೂರು ಕಡೆ 2025ರ ಕೊನೆಯಲ್ಲಿ ಹುಲಿ ಬಾಯಿಗೆ ಸಿಕ್ಕಿ ನಮ್ಮಂಥ ರೈತರೇ ಸತ್ತರು. ಆ ಮನೆಗಳ ನೋವು ನಮ್ಮದೂ ಹೌದು. 1972ರ ವನ್ಯಜೀವಿ ಕಾಯಿದೆಯ 11ನೇ ಕಲಮು ನಮ್ಮನ್ನು ಪೂರ್ತಿ ಕೈಬಿಟ್ಟಿಲ್ಲ. ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಒಳ್ಳೆಯ ಉದ್ದೇಶದಿಂದ ಪ್ರಾಣಿಯನ್ನು ಹೊಡೆದರೆ ಅಪರಾಧವಲ್ಲ. ಆದರೆ ಆ ಹೊತ್ತಿಗೆ ನಾವೇ ಕಳ್ಳಬೇಟೆಯಂಥ ಕೆಲಸದಲ್ಲಿದ್ದರೆ ಆ ರಕ್ಷಣೆ ಸಿಗದು. ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಮಾಂಸ ಹಂಚಿಕೊಂಡರೆ ಆತ್ಮರಕ್ಷಣೆಯ ಮಾತು ಅಲ್ಲಿಗೇ ಮುಗಿಯಿತು.

ಪ್ರಾಣಕ್ಕೆ ಇರುವ ಈ ವಿನಾಯಿತಿ ಬೆಳೆಗೆ ಇಲ್ಲ. ಬೆಳೆ ರಕ್ಷಣೆ ಲೈಸೆನ್ಸ್ ಅಂದರೆ ಬೇಟೆಯ ಅನುಮತಿ ಅಲ್ಲ. ಬೆಳೆ ತಿನ್ನುವ ಹಂದಿಗೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಆನೆ, ಹುಲಿ, ಚಿರತೆ ಒಂದನೇ ಪಟ್ಟಿಯ ಪ್ರಾಣಿಗಳು. ಕೊಂದರೆ 3ರಿಂದ 7 ವರ್ಷ ಜೈಲು. ಬೇಲಿಗೆ ಮೈನ್ ಲೈನಿನ ಕರೆಂಟು ಕೊಡುವುದು, ಸಿಡಿಮದ್ದು ಇಡುವುದು, ಇವಕ್ಕೆ ಆತ್ಮರಕ್ಷಣೆ ಎಂಬ ಹೆಸರು ಹೊಂದುವುದಿಲ್ಲ. ತಂತಿಗೆ ಕಣ್ಣಿಲ್ಲ. ಹಂದಿ ಯಾವುದು, ಮೋಟಾರ್ ಹಾಕಲು ಹೊರಟ ಹುಡುಗ ಯಾರು ಎಂದು ಅದಕ್ಕೆ ತಿಳಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನಮಗೆ ತೋಚಿದ್ದು ಇಷ್ಟು. ಕೋವಿ, ತೋಟಾ ಬೇರೆ ಬೇರೆ ಕಡೆ ಬೀಗದಲ್ಲಿರಲಿ, ಮಕ್ಕಳ ಕೈಗೆ ಸಿಗದಿರಲಿ. ಕುಡಿದ ದಿನ, ಜಗಳ ಆಡಿದ ದಿನ ಅದನ್ನು ಮುಟ್ಟಬೇಡಿ. ಸದ್ದಿಗೆ ಗುಂಡು ಹಾರಿಸಬೇಡಿ. ಮೊದಲು ಬ್ಯಾಟರಿ ಬಿಡಿ, ಕೂಗಿ ಕೇಳಿ. ಕಳ್ಳರ ಭಯಕ್ಕೆ 112, ಕಾಡುಪ್ರಾಣಿಗೆ ಅರಣ್ಯ ಇಲಾಖೆಯ 1926, ಈ ನಂಬರುಗಳನ್ನು ಗೋಡೆ ಮೇಲೆ ಬರೆದಿಡಿ. ಅಕಸ್ಮಾತ್ ಗುಂಡು ಹಾರಿ ಯಾರಿಗಾದರೂ ತಾಗಿದರೆ ಓಡಿಹೋಗಬೇಡಿ, ಏನನ್ನೂ ತೊಳೆಯಬೇಡಿ. 108ಕ್ಕೆ ಫೋನು ಮಾಡಿ ಗಾಯಾಳುವನ್ನು ಉಳಿಸಿ, ಠಾಣೆಗೆ ನೀವೇ ತಿಳಿಸಿ, ನಡೆದದ್ದನ್ನು ನಡೆದಂತೆ ಹೇಳಿ.

ಆಡಳಿತ ಮಂಡಳಿಗೆ ಒಂದು ಅರಿಕೆ. ಸಾಲದ ಕಂತಿನ ದಿನ ನೆನಪಿಸುವ ಹಾಗೆ, ಕೋವಿ ಇರುವ ಸದಸ್ಯರ ನವೀಕರಣದ ದಿನವನ್ನೂ ಒಂದು ಪುಸ್ತಕದಲ್ಲಿ ಬರೆದು ನೆನಪಿಸೋಣ. ಬೆಳೆ ಹಾನಿ ಪರಿಹಾರದ ಅರ್ಜಿ ತುಂಬಲು ಬಾರದವರಿಗೆ ಸಂಘದಲ್ಲೇ ತುಂಬಿಕೊಡೋಣ. ರಾತ್ರಿ ಕಾವಲಿಗೆ ಒಬ್ಬೊಬ್ಬರೇ ಹೋಗುವ ಬದಲು ನಾಲ್ಕು ಮನೆಯವರು ಸೇರಿ ಸರದಿಯಲ್ಲಿ ಹೋಗುವ ಏರ್ಪಾಡು ಮಾಡೋಣ. ಯಾರು ಯಾವ ಹೊಲದಲ್ಲಿದ್ದಾರೆ ಎಂದು ಒಬ್ಬರಿಗೊಬ್ಬರಿಗೆ ಗೊತ್ತಿದ್ದರೆ ಅರ್ಧ ಅಪಾಯ ಅಲ್ಲೇ ತಪ್ಪಿತು. ಸಹಕಾರ ಅಂದರೆ ಇದೇ ಅಲ್ಲವೇ?

ಜೋಳ ಹೋದರೆ ಮುಂದಿನ ಮಳೆಗೆ ಬಿತ್ತಬಹುದು. ಅಂದು ನಮ್ಮ ಹೊಲದಲ್ಲಿ ಹಂದಿ ಮತ್ತೂ ಎರಡು ದಿನ ತಿಂದವು, ನಿಜ. ಆದರೆ ಪಕ್ಕದ ಮನೆಯ ಹುಡುಗನ ಮದುವೆಗೆ ಹೋಗಿ ನಾವು ಅಕ್ಷತೆ ಹಾಕಿ ಬಂದೆವು. ಆ ಲಾಭದ ಮುಂದೆ ಆ ನಷ್ಟ ಏನೂ ಅಲ್ಲ.

 ಜೈ ಕಿಸಾನ್. ಜೈ ಸಹಕಾರ.